ಅಂದಾಜಕ್ಕನ ಕಣ್ಣಳತೆ

ಅಂದಾಜಕ್ಕ ಯಾರ ಅಂಗಳಕ್ಕೇ ಹೋಗಲಿ, ಮೊದಲು ಚಪ್ಪಲಿ ಕಳಚಿ ಪಕ್ಕಕ್ಕಿಡುತ್ತಿದ್ದಳು. ಆಮೇಲೆ ಬರಿಗಾಲಲ್ಲಿ ಒಂದು ಸುತ್ತು ಬರುವುದು, ನಡುವೆ ನಿಂತು ಎಡಗಣ್ಣು ಕಿರಿದು ಮಾಡುವುದು, ಸದ್ದಿಲ್ಲದೆ ತುಟಿ ಅಲ್ಲಾಡಿಸುವುದು. ಅಷ್ಟಾದ ಮೇಲೆ ಒಂದು ಸಂಖ್ಯೆ. “ನೂರ ಮೂವತ್ತೇಳು ಚೀಲ.” ನೂರ ನಲವತ್ತು ಅಂದಿದ್ದರೆ ಅವಳಪ್ಪನ ಗಂಟೇನೂ ಹೋಗುತ್ತಿರಲಿಲ್ಲ, ಆದರೂ ದುಂಡು ಸಂಖ್ಯೆ ಅವಳ ಬಾಯಿಂದ ಬಂದದ್ದೇ ಇಲ್ಲ. ದುಂಡು ಸಂಖ್ಯೆ ಹೇಳುವವರು ಊಹೆ ಮಾಡುವವರು, ತಾನು ಹೇಳುವುದು ಅಂದಾಜು ಎಂಬುದು ಅವಳ ವಾದ. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದವರನ್ನು ಅವಳು ನೋಡುತ್ತಿದ್ದ ರೀತಿಗೆ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಅವಳ ಮಾವನದು ಅಲಂಕಾರದ ಕಲ್ಲಿನ ವ್ಯಾಪಾರ. ದೊಡ್ಡ ರಸ್ತೆಗೆ ಹೊಂದಿಕೊಂಡ ಉದ್ದನೆಯ ಕಲ್ಲಂಗಳ. ಅದರೊಳಗೆ ಮೋಟುಗೋಡೆ ಕಟ್ಟಿ ಬೇರೆ ಬೇರೆ ಮಾಡಿದ ರಾಶಿಗಳು. ಬಟಾಣಿ ಗಾತ್ರದ ಬಿಳಿ ಹರಳು, ಮೊಟ್ಟೆ ಗಾತ್ರದ ನುಣುಪು ಕಲ್ಲು, ಇಟ್ಟಿಗೆ ಬಣ್ಣದ ಜಲ್ಲಿ, ಜೇನಿನ ಬಣ್ಣದ ಸಣ್ಣ ಕಲ್ಲು. ಮೂಲೆಯಲ್ಲಿ ತಗಡಿನ ಮಾಡಿನ ಆಫೀಸು, ಅದರ ಬೆನ್ನಿಗೇ ಮನೆ. ಹಿರಿಮಗ, ಅಂದರೆ ಅಂದಾಜಕ್ಕನ ಗಂಡ, ಲಾರಿ ಓಡಿಸುತ್ತಿದ್ದ. ಕಿರಿಮಗ ಕಲ್ಲು ಜರಡಿ ಹಿಡಿದು ತೊಳೆಯುವ ಯಂತ್ರ ನೋಡಿಕೊಳ್ಳುತ್ತಿದ್ದ. ತೋಟ ಮಾಡಿಸುವವರು ಬಂದು ರಾಶಿ ರಾಶಿ ಸುತ್ತಿ, ಕಲ್ಲನ್ನು ಒದ್ದೆ ಮಾಡಿಸಿ ನೋಡಿ, ಒಣಗಿಸಿ ನೋಡಿ, ಅರ್ಧ ದಿನ ತಿಂದು ಕೊನೆಗೊಂದನ್ನು ಆರಿಸುತ್ತಿದ್ದರು. ಆರಿಸಿದ ಮೇಲೆ ಎಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ. “ಎಷ್ಟು ಬೇಕಾಗತ್ತೆ?”

ಅದಕ್ಕೆ ಉತ್ತರ ಹೇಳುವುದು ಹುಡುಗಾಟದ ಕೆಲಸವಲ್ಲ. ಉದ್ದ ಅಗಲವನ್ನು ಯಾರು ಬೇಕಾದರೂ ಅಳೆದಾರು. ಸಣ್ಣ ಕಲ್ಲಾದರೆ ಎರಡು ಅಂಗುಲ ದಪ್ಪ ಹಾಸಿದರೆ ಸಾಕು, ಮೊಟ್ಟೆ ಗಾತ್ರದ್ದಕ್ಕೆ ನಾಲ್ಕು ಬೇಕು. ಇಲ್ಲದಿದ್ದರೆ ಸಂದಿಯಲ್ಲೆಲ್ಲ ಮಣ್ಣು ಇಣುಕುತ್ತದೆ. ಈಗಿನ ಪಾತಿಗಳೋ, ಒಂದಾದರೂ ನೆಟ್ಟಗಿರುವುದಿಲ್ಲ. ಹಾವು ಹರಿದ ಹಾಗೆ ಸೊಟ್ಟ ಮಾಡಿದರೇ ಚಂದ ಎಂದು ಯಾರು ಹೇಳಿಕೊಟ್ಟರೋ. ಎಲ್ಲಕ್ಕಿಂತ ದೊಡ್ಡ ಫಜೀತಿ ಬಣ್ಣದ್ದು. ಈ ಲೋಡಿನ ಜೇನು ಬಣ್ಣ ಮುಂದಿನ ಲೋಡಿಗೆ ಒಣಹುಲ್ಲಿನ ಬಣ್ಣವಾಗಿ ಬರುತ್ತದೆ. ಐದು ಚೀಲ ಕಡಿಮೆ ಬಿತ್ತು, ಆಮೇಲೆ ತಂದು ಹಾಕಿದೆವು ಅಂದರೆ ಅಂಗಿಗೆ ತೇಪೆ ಹಾಕಿದ ಹಾಗೆ ಅದು ವರ್ಷಗಟ್ಟಲೆ ಎದ್ದು ಕಾಣುತ್ತದೆ. ಹೆಚ್ಚಾಗಿ ಉಳಿದರೆ ಆ ರಾಶಿ ಮನೆಯೊಡೆಯನ ಬಾಗಿಲಲ್ಲೇ ಬಿದ್ದಿದ್ದು, ದಿನಾ ಎಡವಿದವರಿಂದ ಬೈಸಿಕೊಳ್ಳುತ್ತದೆ.

ಮದುವೆಯಾಗಿ ಬಂದ ಎರಡನೇ ತಿಂಗಳು ಅವಳ ಈ ಹೆಸರು ಶುರುವಾದದ್ದು. ಮಾವ ಜ್ವರ ಬಂದು ಮಲಗಿದ್ದರು. ಅವಸರದ ಗಿರಾಕಿಯೊಬ್ಬ ಬಂದು ಕುಣಿಯುತ್ತಿದ್ದ, ಗಂಡ ತಲೆ ಕೆರೆಯುತ್ತಿದ್ದ. ಹೊಸ ಸೊಸೆ ಪಕ್ಕದ ಬೀದಿಯ ಅವನ ಅಂಗಳಕ್ಕೆ ಹೋಗಿ ಸುತ್ತು ಹಾಕಿ ಬಂದು “ಎಪ್ಪತ್ತಾರು” ಅಂದಳು. ಮೈದುನ ಬಿದ್ದು ಬಿದ್ದು ನಕ್ಕ. ಶಾಲೆಯಲ್ಲಿ ಗಣಿತಕ್ಕೆ ಎರಡು ಸಲ ಗೋತಾ ಹೊಡೆದವಳು, ಆ ನಗು ಅವಳಿಗೆ ಹಳೇ ಪರಿಚಯ. ಸಂಜೆ ಗಂಡ ಲಾರಿ ನಿಲ್ಲಿಸಿ ಒಳಗೆ ಬಂದವನೇ ಎಲ್ಲರೆದುರು ಹೇಳಿದ: “ಸರಿಯಾಗಿ ಆಯ್ತಪ್ಪ. ಒಂದು ಹಿಡಿ ಉಳೀಲಿಲ್ಲ, ಒಂದು ಹಿಡಿ ಕಡಿಮೆ ಬೀಳ್ಲಿಲ್ಲ.” ಅವತ್ತಿನಿಂದ ಅವಳು ಅಂದಾಜಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಹಮಾಲಿಗಳಿಗೂ ಅವಳು ಅಕ್ಕನೇ ಆದಳು.

ಹತ್ತೊಂಬತ್ತು ವರ್ಷ ಹೀಗೇ ನಡೆಯಿತು. ಕಲ್ಲು ಹಾಸುವ ದಿನ ಮಾತ್ರ ಅವಳು ಆ ಜಾಗಕ್ಕೆ ಹೋಗುತ್ತಿರಲಿಲ್ಲ. “ಹೇಳಿದ ಮೇಲೆ ಹೋಗಿ ನೋಡೋದಂದ್ರೆ ನನ್ನ ಮಾತಿನ ಮೇಲೆ ನನಗೇ ನಂಬಿಕೆ ಇಲ್ಲ ಅಂತ ಅರ್ಥ” ಎನ್ನುತ್ತಿದ್ದಳು. ಸಂಜೆ ಗಂಡ ಬಂದು “ಸರಿಯಾಗಿ ಆಯ್ತು” ಅನ್ನುತ್ತಿದ್ದ. ಅವಳು ಗೊತ್ತಿದ್ದದ್ದೇ ಎಂಬಂತೆ ಚಹಾ ಕೊಡುತ್ತಿದ್ದಳು. ಒಳಗೊಳಗೆ ಮಾತ್ರ ಪ್ರತಿಸಲವೂ ಹೊಸದಾಗಿ ಖುಷಿಯಾಗುತ್ತಿತ್ತು. ಮನೆಯಲ್ಲಿ ಅಡುಗೆ ಚೆನ್ನಾಗಿ ಮಾಡುವವರು ಬೇಕಾದಷ್ಟು ಜನ ಇದ್ದಾರು, ಈ ಸಂಖ್ಯೆ ಹೇಳುವವಳು ತಾನೊಬ್ಬಳೇ.

ಹೀಗಿರುವಾಗ ಮೈದುನನಿಗೆ ತಡವಾಗಿ ಮದುವೆಯಾಯಿತು. ಬಂದವಳು ಹೊಲಿಗೆಯವಳು. ಪರದೆ, ಸೋಫಾದ ಗವಸು, ಕಾರಿನ ಸೀಟಿನ ಗವಸು ಹೊಲಿದು ತನ್ನ ಅನ್ನ ತಾನು ದುಡಿದುಕೊಂಡಿದ್ದವಳು. ಸಣ್ಣಗಿದ್ದಳು, ಕಡಿಮೆ ಮಾತಾಡುತ್ತಿದ್ದಳು, ಅಳತೆಯ ಟೇಪನ್ನು ಸರದ ಹಾಗೆ ಕೊರಳಿಗೆ ಹಾಕಿಕೊಂಡೇ ಓಡಾಡುತ್ತಿದ್ದಳು. ಅಂದಾಜಕ್ಕ ಮೊದಮೊದಲು ಅವಳನ್ನು ಚೆನ್ನಾಗಿಯೇ ನೋಡಿಕೊಂಡಳು. ಓರಗಿತ್ತಿ ಬಂದರೆ ಕೆಲಸ ಹಂಚಿಕೊಳ್ಳಬಹುದು ಅಂದುಕೊಂಡಿದ್ದಳು. ಯಾವ ಕೆಲಸ ಎಂದು ಮಾತ್ರ ಯೋಚಿಸಿರಲಿಲ್ಲ.

ಒಂದು ದಿನ ಹೊಲಿಗೆಯವಳು ಆಫೀಸಿನ ಮುಂದಿನ ಸೊಟ್ಟ ಪಾತಿಯ ಮೇಲೆ ಹಳೇ ಪೇಪರು ಹಾಸಿ, ಅಂಚಿಗೆ ಸರಿಯಾಗಿ ಕತ್ತರಿಸುತ್ತ ಕೂತಿದ್ದಳು. ಸೋಫಾದ ಬಾಗಿದ ತೋಳಿಗೆ ಬಟ್ಟೆ ಎಷ್ಟು ಬೇಕು ಎಂದು ಅವಳು ನೋಡುತ್ತಿದ್ದುದು ಹಾಗೆಯೇ. ಪೂರಾ ಹಾಳೆಗಳನ್ನು ಎಣಿಸಿದಳು, ಅಂಚಿನ ಚೂರುಗಳನ್ನು ಜೋಡಿಸಿ ಇನ್ನಷ್ಟು ಹಾಳೆ ಮಾಡಿದಳು, ಒಟ್ಟು ಇಪ್ಪತ್ತಾಯಿತು. ಆಮೇಲೆ ಒಂದು ಚೀಲ ಕಲ್ಲನ್ನು ಎರಡು ಅಂಗುಲ ದಪ್ಪಕ್ಕೆ ಹರಡಿ ನೋಡಿದಳು. ಒಂದೂಕಾಲು ಹಾಳೆ ತುಂಬಿತು. “ಮಾವ, ಈ ಪಾತಿಗೆ ಹದಿನಾರು ಚೀಲ” ಅಂದಳು. ಹಾಕಿಸಿ ನೋಡಿದರೆ ಹದಿನಾರೇ. ಮಾವ ಸಂಜೆಯವರೆಗೂ ಆ ಪಾತಿಯ ಸುತ್ತ ತಿರುಗಿದ್ದೇ ತಿರುಗಿದ್ದು. “ಮಕ್ಕಳೂ ಕಲಿಯೋ ಹಾಗಿದೆಯಲ್ಲೇ ಇದು!” ಅಂದರು. ಅಂದಾಜಕ್ಕನಿಗೆ ಆ ಮಾತು ನಾಟಿದ್ದು ಎಷ್ಟು ಆಳಕ್ಕೆ ಎಂದರೆ, ಮೂರು ದಿನ ಊಟ ರುಚಿಸಲಿಲ್ಲ. ತಾನು ಮಾಡುವುದನ್ನು ಯಾರೂ ಕಲಿಯಲಾರರು ಎಂಬುದೇ ಅವಳ ದೊಡ್ಡಸ್ತಿಕೆ. ಮಕ್ಕಳೂ ಕಲಿಯುವಂಥದ್ದನ್ನು ಮಾವ ಹೊಗಳುವುದೇ?

ಆಮೇಲೆ ಹೊಟ್ಟೆಕಿಚ್ಚಿಗೆ ದಿನಾ ಸೌದೆ ಸಿಕ್ಕಿತು. ಆಫೀಸಿನ ಕಿಟಕಿಗೆ ಹೊಲಿಗೆಯವಳು ಪರದೆ ಹೊಲಿದು ಹಾಕಿದಳು. ಬಂದವರೆಲ್ಲ ಪರದೆ ನೋಡಿದರು. ಸಣ್ಣಪುಟ್ಟ ಕೆಲಸಕ್ಕೆ ಮಾವ ಅವಳನ್ನೇ ಕಳಿಸತೊಡಗಿದರು. ಅವಳು ಹೋದಲ್ಲೆಲ್ಲ ಲೆಕ್ಕ ಸರಿಹೋಯಿತು. ಹಮಾಲಿಗಳು “ಪೇಪರಮ್ಮ” ಎಂದು ಹೆಸರಿಟ್ಟರು. ಹೆಸರು ಇಟ್ಟದ್ದು ಅಂದಾಜಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ಉರಿಸಿತು. ಈ ಕಲ್ಲಂಗಳದಲ್ಲಿ ಅಡ್ಡಹೆಸರು ಅಂದರೆ ಪದವಿ ಇದ್ದ ಹಾಗೆ, ಅದು ಸಿಗಲು ಇವಳಿಗೆ ಬರೀ ಏಳು ತಿಂಗಳು ಸಾಕಾಯಿತು.

ಅದರ ಮೇಲೆ ಅವಳ ಗುಣ ಬೇರೆ. ಜಗಳಕ್ಕೆ ಸಿಗುವವಳಾಗಿದ್ದರೆ ಅಂದಾಜಕ್ಕನ ಎದೆ ಹಗುರವಾಗುತ್ತಿತ್ತು. ಇವಳೋ ಸಂಜೆ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು: “ಅಕ್ಕಾ, ಪೇಪರು ಗೀಪರು ಏನೂ ಇಲ್ದೆ ನಿಮಗೆ ಹೇಗೆ ಹೊಳೆಯತ್ತೆ? ನಂಗೂ ಸ್ವಲ್ಪ ಹೇಳ್ಕೊಡಿ.”

“ಅದು ಹೇಳ್ಕೊಟ್ಟು ಬರೋದಲ್ಲ ಕಣೆ.”

“ಒಂದ್ಸಲಾನೂ ತಪ್ಪಿಲ್ವಂತಲ್ಲ, ನಿಜಾನಾ?”

“ಕೇಳು ನಿಮ್ಮ ಭಾವನ್ನ.”

ಹೊಲಿಗೆಯವಳು ಕಣ್ಣರಳಿಸಿ ನೋಡುತ್ತಿದ್ದಳು. ಆ ನೋಟದಲ್ಲಿ ನಾಟಕವಿತ್ತೇ ಎಂದು ಅಂದಾಜಕ್ಕ ಹುಡುಕಿದ್ದೇ ಹುಡುಕಿದ್ದು. ಇರಲಿಲ್ಲ. ಅದು ಇನ್ನೂ ಕಿರಿಕಿರಿ. ಒಳ್ಳೆಯವಳ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಸುಸ್ತಿನ ಕೆಲಸ ಇನ್ನೊಂದಿಲ್ಲ. ಬಯ್ಯಲು ನೆಪವನ್ನೂ ನಾವೇ ದುಡಿದುಕೊಳ್ಳಬೇಕು.

ಗ್ರಂಥಾಲಯದ ಕೆಲಸ ಬಂದದ್ದು ಆಗ. ತೋಟದ ನಕ್ಷೆ ಮಾಡುವ ಹೆಂಗಸೊಬ್ಬರು ಅವರ ಹಳೇ ಗಿರಾಕಿ. ನಕ್ಷೆಯವರು ಎಂದೇ ಮನೆಯಲ್ಲಿ ಕರೆಯುತ್ತಿದ್ದರು. ಗ್ರಂಥಾಲಯದ ಒಳಂಗಳದಲ್ಲಿ ಕೊಳ, ಕೊಳದ ಸುತ್ತ ಗೋಡಂಬಿಯ ಹಾಗೆ ಬಾಗಿದ ಮೂರು ಪಾತಿ, ಪಾತಿಗೆಲ್ಲ ಜೇನು ಬಣ್ಣದ ಕಲ್ಲು. ಎಷ್ಟೋ ದಿನದಿಂದ ಇಷ್ಟು ದೊಡ್ಡ ಕೆಲಸ ಬಂದಿರಲಿಲ್ಲ. ಮಾವ ಆಫೀಸಿನ ಬಾಗಿಲಿಗೆ ಬಂದು ಕರೆದರು. ಅಂದಾಜಕ್ಕ ಕೈ ಒರೆಸಿಕೊಂಡು ಹೊರಗೆ ಬಂದಾಗಲೇ ಗೊತ್ತಾದದ್ದು, ಕರೆದದ್ದು ತನ್ನನ್ನಲ್ಲ.

“ಪಾತಿ ತುಂಬ ಸೊಟ್ಟ ಇದೆಯಂತೆ, ಅವಳೇ ಪೇಪರು ಹಾಕಿ ನೋಡ್ಲಿ” ಅಂದರು ಮಾವ. ಹಿರಿಸೊಸೆಯ ಮುಖ ನೋಡಿ ಮೆತ್ತಗೆ ಸೇರಿಸಿದರು: “ನೀನೂ ಜೊತೆಗೆ ಹೋಗಮ್ಮ. ಹೊಸಬಳು, ಏನಾದ್ರೂ ಬಿಟ್ಟುಹೋದ್ರೆ ಹೇಳು.”

ಏನಾದರೂ ಬಿಟ್ಟುಹೋದರೆ ಹೇಳಬೇಕಂತೆ! ಹತ್ತೊಂಬತ್ತು ವರ್ಷ ಮುಂದೆ ನಡೆದವಳು ಈಗ ಬಿದ್ದದ್ದನ್ನು ಹೆಕ್ಕಿಕೊಂಡು ಹಿಂದೆ ಬರಬೇಕು. ಅಂದಾಜಕ್ಕ ಚಪ್ಪಲಿ ಮೆಟ್ಟಿದಳು.

ಗ್ರಂಥಾಲಯದಲ್ಲಿ ಹಳೇ ಪೇಪರಿಗೆ ಬರವೇ? ಎರಡು ಕಟ್ಟು ತಂದು ಕೊಟ್ಟರು. ಹೊಲಿಗೆಯವಳು ಮೊದಲನೇ ಪಾತಿಯಿಂದ ಹಾಸುತ್ತ ಬಂದಳು. ಹಾಸಿದ ಹಾಳೆಯ ಮೇಲೇ ಮಂಡಿಯೂರಿ ಮುಂದಿನದನ್ನು ಹಾಸುವುದು, ಅಂಚಿಗೆ ಕತ್ತರಿ ಆಡಿಸುವುದು, ಹಾರದಂತೆ ಮೂಲೆಗೊಂದು ಕಲ್ಲು ಇಡುವುದು. ಗ್ರಂಥಾಲಯದ ಓದುಗರು ಪುಸ್ತಕ ಬಿಟ್ಟು ಕಿಟಕಿಯಿಂದ ಇವಳನ್ನೇ ನೋಡುತ್ತಿದ್ದರು. ಅಂದಾಜಕ್ಕ ತನ್ನ ಪಾಡಿಗೆ ಚಪ್ಪಲಿ ಕಳಚಿ, ಯಾರೂ ಕೇಳದಿದ್ದರೂ, ಒಂದು ಸುತ್ತು ಹೊರಟಳು.

ಕೊಳದ ಪಕ್ಕದ ಮೂರನೇ ಪಾತಿಗೆ ಬಂದಾಗ ಹಿಮ್ಮಡಿ ಒಳಗೆ ಇಳಿಯಿತು. ಮತ್ತೊಂದು ಹೆಜ್ಜೆ ಇಟ್ಟಳು, ಅದೂ ಇಳಿಯಿತು. ಕೊಳ ತೋಡಿದಾಗ ಬಂದ ಮಣ್ಣನ್ನು ಇಲ್ಲಿ ಸುರಿದು ಮೇಲೆ ತಟ್ಟಿದ್ದಾರೆ ಅಷ್ಟೆ, ಇನ್ನೂ ಕೂತಿಲ್ಲ. ಇಂಥ ಸಡಿಲ ಮಣ್ಣು ಸಣ್ಣ ಕಲ್ಲನ್ನು ಕೆಳಗೆಳೆದುಕೊಳ್ಳುತ್ತದೆ. ಎರಡು ಅಂಗುಲ ಹಾಸಿದರೆ ಅರ್ಧ ಅಂಗುಲ ಮಣ್ಣಿನ ಪಾಲು. ಹಾಳೆಯ ಲೆಕ್ಕ ಎಷ್ಟೇ ಸರಿಯಿರಲಿ, ಇಲ್ಲಿ ಕಲ್ಲು ಸಾಲುವುದಿಲ್ಲ. ಅಂದಾಜಕ್ಕ ತಲೆಯೆತ್ತಿ ನೋಡಿದಳು. ಹೊಲಿಗೆಯವಳು ಹಾಳೆಗಳ ಮೇಲೆ ಬೆಕ್ಕಿನ ಹಾಗೆ ಹಗುರವಾಗಿ ಬರುತ್ತಿದ್ದಳು. ಕಾಗದದ ಮೇಲೆ ನಡೆಯುವವಳ ಕಾಲಿಗೆ ಮಣ್ಣು ಸಿಗುವುದುಂಟೇ?

ಹೇಳಬೇಕು ಅನ್ನಿಸಿತು. ಸುಳ್ಳು ಹೇಳುವುದೇಕೆ, ಒಂದು ಗಳಿಗೆ ನಿಜವಾಗಿಯೂ ಅನ್ನಿಸಿತು. “ಇಲ್ನೋಡೇ” ಅಂದಿದ್ದರೆ ಸಾಕಿತ್ತು. ಅಷ್ಟರಲ್ಲಿ ನಕ್ಷೆಯವರು ಬಂದು ಹೊಲಿಗೆಯವಳ ಪಕ್ಕ ಕೂತು, ಕತ್ತರಿಸಿದ ಅಂಚನ್ನು ಮುಟ್ಟಿ “ಎಷ್ಟು ನೀಟಾಗಿ ಮಾಡ್ತೀರಮ್ಮ! ಇದನ್ನ ನೋಡೋದಕ್ಕೇ ಒಂದು ಚಂದ” ಅಂದರು. ಆಮೇಲೆ ಅಂದಾಜಕ್ಕನ ಕಡೆ ತಿರುಗಿ “ಇನ್ಮೇಲೆ ನಿಮಗೂ ಸ್ವಲ್ಪ ಆರಾಮ ಬಿಡಿ” ಅಂದರು. ಆರಾಮವಂತೆ! ಅಂದಾಜಕ್ಕನ ಬಾಯಿಗೆ ಆ ಕ್ಷಣವೇ ಬೀಗ ಬಿತ್ತು. ಅವಳು ಹಿಮ್ಮಡಿಯ ಗುರುತನ್ನು ಕಾಲಿನಿಂದಲೇ ಒರೆಸಿ, ಮಣ್ಣು ಕೊಡವಿ, ಚಪ್ಪಲಿ ಮೆಟ್ಟಿಕೊಂಡಳು.

ಇನ್ನೂರ ಅರವತ್ತು ಹಾಳೆ, ಇನ್ನೂರ ಎಂಟು ಚೀಲ. ಹೊಲಿಗೆಯವಳು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡು ಕೇಳಿದಳು: “ಅಕ್ಕಾ, ಸರಿ ಇದೆಯಾ?”

“ನಂಗೇನು ಗೊತ್ತಮ್ಮ ನಿನ್ನ ಪೇಪರಿನ ಲೆಕ್ಕ” ಅಂದಳು ಅಂದಾಜಕ್ಕ.

ಮುಂದಿನ ಮೂರು ದಿನ ಅವಳಷ್ಟು ಸಂತೋಷವಾಗಿದ್ದವರು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಪಾತ್ರೆ ತೊಳೆಯುತ್ತ ಗುನುಗಿದಳು. ಹಮಾಲಿಗಳಿಗೆ ಎರಡೆರಡು ಸಲ ಚಹಾ ಕೊಟ್ಟಳು. ಹೊಲಿಗೆಯವಳನ್ನು ಕರೆದು ಕೂರಿಸಿ, ತಲೆ ಬಾಚಿ ಜಡೆ ಹಾಕಿದಳು ಎಂದರೆ ನೀವು ನಂಬಬೇಕು. ಮೂರನೇ ಪಾತಿಯ ಕೊನೆಯಲ್ಲಿ ಬೋಳಾಗಿ ಉಳಿಯುವ ಮಣ್ಣು, ಅದರ ಮುಂದೆ ಟೇಪು ನೇತುಹಾಕಿಕೊಂಡು ಪೆಚ್ಚಾಗಿ ನಿಂತವಳು: ಈ ಚಿತ್ರವನ್ನು ಅವಳು ಮನಸ್ಸಿನಲ್ಲಿ ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ. ನಡುನಡುವೆ ಎದೆ ಚುಚ್ಚುತ್ತಿತ್ತು. ಆಗೆಲ್ಲ ‘ಆರಾಮ’ ಎಂಬ ಮಾತನ್ನು ನೆನಪಿಸಿಕೊಳ್ಳುತ್ತಿದ್ದಳು, ಚುಚ್ಚು ನಿಲ್ಲುತ್ತಿತ್ತು.

ಕಲ್ಲು ಹಾಸುವ ದಿನ ಬೆಳಿಗ್ಗೆ ಅವಳು ಒಳ್ಳೇ ಸೀರೆ ಉಟ್ಟು ಲಾರಿಯ ಮುಂದೆ ಬಂದು ನಿಂತಳು. “ನಾನೂ ಬರ್ತೀನಿ.”

ಗಂಡ ಸ್ಟಿಯರಿಂಗ್ ಮೇಲಿನ ಕೈ ತೆಗೆದ. “ನೀನಾ? ಕಲ್ಲು ಹಾಸೋಕೆ?”

“ಯಾಕೆ, ಬರಬಾರದಾ?”

“ಹಾಗಲ್ಲ” ಅಂದ ಅವನು. ಲಾರಿಯ ಹಿಂಭಾಗದ ಕಡೆ ಒಮ್ಮೆ ನೋಡಿದ, ಏನೋ ಹೇಳಲು ಹೋದ, ಬಿಟ್ಟ. ಹತ್ತಿಸಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಎರಡು ಪಾತಿ ಮುಗಿದವು, ಗೆರೆ ಎಳೆದ ಹಾಗೆ ಸರಿಯಾಗಿ. ಮೂರನೆಯದು ಶುರುವಾಯಿತು. ಹಮಾಲಿಗಳು ಚೀಲ ಸುರಿದರು, ಸಲಿಕೆಯಿಂದ ಹರವಿದರು, ಅವರ ಕಾಲಡಿಯಲ್ಲಿ ಕಲ್ಲು ಸದ್ದಿಲ್ಲದೆ ಇಳಿಯುತ್ತ ಹೋಯಿತು. ಹೊಲಿಗೆಯವಳು ಕಡ್ಡಿ ಚುಚ್ಚಿ ದಪ್ಪ ನೋಡಿ “ಇಲ್ಲಿ ಇನ್ನೊಂದು ಸ್ವಲ್ಪ, ಇಲ್ಲೂ ಸ್ವಲ್ಪ” ಅನ್ನುತ್ತಿದ್ದಳು. ಅಂದಾಜಕ್ಕ ಕೊಳದ ಕಟ್ಟೆಯ ಮೇಲೆ ಕೂತು, ಮದುವೆಮನೆಗೆ ಬಂದವಳ ಹಾಗೆ, ಸೆರಗು ಸರಿಮಾಡಿಕೊಳ್ಳುತ್ತ ಕಾಯುತ್ತಿದ್ದಳು.

ಇನ್ನೂರ ಎಂಟನೇ ಚೀಲ ಸುರಿದಾಯಿತು. ಪಾತಿಯ ತುದಿಯಲ್ಲಿ ಚಾಪೆಯಷ್ಟು ಉದ್ದಗಲಕ್ಕಿಂತ ಸ್ವಲ್ಪ ದೊಡ್ಡದೇ, ಮಣ್ಣು ಹಾಗೇ ಉಳಿಯಿತು.

ಈಗ ಪೆಚ್ಚಾಗುತ್ತಾಳೆ, ಈಗ ಅಳುತ್ತಾಳೆ ಎಂದು ಅಂದಾಜಕ್ಕ ಉಸಿರು ಹಿಡಿದು ನೋಡಿದಳು. ಹೊಲಿಗೆಯವಳು ಖಾಲಿ ಚೀಲಗಳನ್ನು ಇನ್ನೊಮ್ಮೆ ಎಣಿಸಿದಳು. ಆಮೇಲೆ ನಕ್ಷೆಯವರ ಮುಂದೆ ಹೋಗಿ ನೆಟ್ಟಗೆ ನಿಂತು ಹೇಳಿದಳು: “ನನ್ನ ಲೆಕ್ಕ ತಪ್ಪಿದೆ ಮೇಡಂ. ಏಳೆಂಟು ಚೀಲ ಕಡಿಮೆ ಬಿದ್ದಿದೆ. ಯಾಕೆ ಅಂತ ಗೊತ್ತಾಗ್ತಿಲ್ಲ, ನೋಡ್ತೀನಿ.”

ಅಷ್ಟೇ! ಮುಖ ಕೆಂಪಾಗಿತ್ತು ನಿಜ, ಆದರೆ ಆಕಾಶ ಕಳಚಿ ಬೀಳಲಿಲ್ಲ. ಆ ಮೂರು ಪದ ಹೇಳುವುದಕ್ಕಿಂತ ನಾಲಿಗೆ ಕಚ್ಚಿಕೊಂಡು ಸಾಯುವುದು ವಾಸಿ ಎಂದು ಅಂದಾಜಕ್ಕ ಹತ್ತೊಂಬತ್ತು ವರ್ಷ ಬದುಕಿದ್ದಳು. ಇವಳು ಅದನ್ನು ‘ನೀರು ಖಾಲಿಯಾಗಿದೆ’ ಅನ್ನುವಷ್ಟು ಸಲೀಸಾಗಿ ಹೇಳಿಬಿಟ್ಟಳು. ಇದಕ್ಕೂ ಹೊಟ್ಟೆಕಿಚ್ಚು ಪಡಬೇಕಾಗುತ್ತದೆ ಎಂದು ಅವಳಿಗೆ ಅಂದಾಜೇ ಇರಲಿಲ್ಲ.

“ಅದೇ ಲೋಡಿನ ಕಲ್ಲು ಇದೆಯೋ ಇಲ್ವೋ? ಬಣ್ಣ ಬೇರೆ ಆದ್ರೆ ಕೊಳದ ಪಕ್ಕಾನೇ ಎದ್ದು ಕಾಣತ್ತೆ” ಎಂದು ನಕ್ಷೆಯವರು ಕೈ ಹಿಸುಕಿಕೊಂಡರು.

ಆಗ ಗಂಡ ಲಾರಿ ಹತ್ತಿ, ಮೂಲೆಯಲ್ಲಿ ಮಡಿಚಿಟ್ಟಂತಿದ್ದ ಟಾರ್ಪಾಲು ಎಳೆದ. ಅದರಡಿ ಹತ್ತು ಚೀಲ. ಅದೇ ಜೇನು ಬಣ್ಣ.

ಹಮಾಲಿಗಳು ಆಶ್ಚರ್ಯವೇನೂ ಪಡದೆ ಬಂದು ಇಳಿಸಿಕೊಂಡರು. ನಕ್ಷೆಯವರು “ಅಬ್ಬಾ, ಬದುಕಿಸಿದ್ರಿ” ಅಂದರು. ಹೊಲಿಗೆಯವಳು “ಭಾವಾ!” ಎಂದು ಮುಖವರಳಿಸಿದಳು. ಅಂದಾಜಕ್ಕ ಮಾತ್ರ ಕಟ್ಟೆಯಿಂದ ದಡಕ್ಕನೆ ಎದ್ದಳು. ಅವಳು ಲಾರಿಯ ಹಿಂದಕ್ಕೆ ಹೋಗಿ ಗಂಡನ ತೋಳು ಹಿಡಿದು ಎಳೆದಳು.

“ನಿಮಗೆ ಯಾರು ತರೋಕೆ ಹೇಳಿದ್ದು?”

“ಯಾರೂ ಹೇಳಿಲ್ಲ.”

“ಮತ್ತೆ? ಅವಳ ಮೇಲೆ ಅಷ್ಟೊಂದು ಪ್ರೀತೀನಾ? ಅವಳು ತಪ್ಪೋದೇ ಬೇಡ್ವಾ? ನಾನು ಹತ್ತೊಂಬತ್ತು ವರ್ಷ ಒಬ್ಬಳೇ ನಿಂತ್ಕೊಂಡು ಲೆಕ್ಕ ಹೇಳಿದ್ನಲ್ಲ, ನನಗೆ ಯಾವತ್ತಾದ್ರೂ ಹೀಗೆ ಬಚ್ಚಿಟ್ಕೊಂಡು ತಂದು ಕೊಟ್ಟಿದ್ರಾ?”

ಗಂಡ ಅವಳನ್ನೇ ನೋಡಿದ. ಒಂದು ಸಲ ಕೆಮ್ಮಿದ. ಸುಳ್ಳು ಹೇಳಲು ಬಾರದ ಮನುಷ್ಯ. ಸಂಜೆ ಹೊತ್ತು ಹೇಳುತ್ತಿದ್ದುದೊಂದೇ ಅವನು ಚೆನ್ನಾಗಿ ಕಲಿತ ಸುಳ್ಳು.

“ಕೊಟ್ಟಿದ್ನಲ್ಲ” ಅಂದ.

“ಏನು?”

“ಪ್ರತೀ ಸಲಾನೂ ತರ್ತಿದ್ದೆ. ಹತ್ತೋ ಹದಿನೈದೋ. ಕಡಿಮೆ ಬಿದ್ರೆ ಹಾಕ್ತಿದ್ದೆ. ಹೆಚ್ಚಾದ್ರೆ ವಾಪಸ್ ತಂದು ರಾಶಿಗೆ ಸುರೀತಿದ್ದೆ.”

ಕಲ್ಲು ಸುರಿಯುವ ಸದ್ದು ಆ ಕಡೆಯಿಂದ ಬರುತ್ತಲೇ ಇತ್ತು. ಅಂದಾಜಕ್ಕ ಅವನ ತೋಳು ಬಿಟ್ಟಳು. “ಮೊದಲ್ನೇ ಸಲ? ಮಾವಂಗೆ ಜ್ವರ ಬಂದಾಗ?”

“ಆಗ ಹದಿನೆಂಟು ಕಡಿಮೆ ಬಿದ್ದಿತ್ತು. ವಾಪಸ್ ಬಂದು ತಗೊಂಡ್ಹೋಗಿ ಹಾಕ್ದೆ.”

“ಎಪ್ಪತ್ತಾರಕ್ಕೆ ಹದಿನೆಂಟು!”

“ಹೊಸಬಳು ನೀನು. ತಮ್ಮ ನಕ್ಕಾಗ ನಿನ್ನ ಮುಖ ನೋಡೋಕಾಗ್ಲಿಲ್ಲ ನಂಗೆ. ಆಮೇಲಾಮೇಲೆ ನೀನೂ ಚೆನ್ನಾಗೇ ಹೇಳ್ತಿದ್ದೆ ಕಣೆ. ಎರಡು ಆ ಕಡೆ, ನಾಲ್ಕು ಈ ಕಡೆ. ಅಷ್ಟು ಯಾರಿಗಾದ್ರೂ ಆಗತ್ತೆ.”

ಯಾರಿಗಾದರೂ ಆಗುತ್ತದೆ. ಅವನು ಸಮಾಧಾನಕ್ಕೆಂದು ಹೇಳಿದ್ದು ಅದು. ಅಂದಾಜಕ್ಕನಿಗೆ ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. “ಯಾರ್ಯಾರಿಗೆ ಗೊತ್ತು ಇದು?”

“ಲೋಡ್ ಮಾಡೋರಿಗೆ ಗೊತ್ತಿರಲೇಬೇಕಲ್ಲ. ಅಪ್ಪಂಗೆ ಗೊತ್ತು. ತಮ್ಮಂಗೂ.”

“ಅವಳಿಗೆ?”

“ಅವಳಿಗೆ ಗೊತ್ತಿಲ್ಲ. ಅವಳು ಪೂರ್ತಿ ನಂಬಿದಾಳೆ.”

ಹಾಗಾದರೆ ಇಡೀ ಲೋಕದಲ್ಲಿ ಅಂದಾಜಕ್ಕನ ಕಣ್ಣಳತೆಯನ್ನು ನಂಬಿದವಳು ಒಬ್ಬಳೇ, ಆ ಟೇಪಿನವಳು. ಬಾಕಿ ಎಲ್ಲರೂ ನಗು ನುಂಗಿಕೊಂಡು ಚಹಾ ಕುಡಿದವರು.

“ಮತ್ತೆ ಇವತ್ತು ಕಡಿಮೆ ಬೀಳತ್ತೆ ಅಂತ ಹೇಗೆ ಗೊತ್ತಾಯ್ತು?” ಎಂದು ಕೇಳಿದಳು, ಸ್ವರ ಇಳಿದಿತ್ತು.

“ಮೂರು ದಿನದಿಂದ ನೀನು ಹಾಡ್ಕೊಂಡು ಓಡಾಡ್ತಿದ್ದೆ. ಅವಳಿಗೆ ಜಡೆ ಬೇರೆ ಹಾಕ್ದೆ” ಅಂದ ಗಂಡ. “ಏನೋ ಇದೆ ಅಂದ್ಕೊಂಡೆ. ಅವಳೂ ನಮ್ಮನೆ ಸೊಸೆ ಅಲ್ವೇನೆ?”

ಅಂದಾಜಕ್ಕ ಸೆರಗು ಕೊಡವಿ ಪಾತಿಯ ಕಡೆ ತಿರುಗಿದಳು. ಗಂಡನ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ಬೇರೇನೋ. ಅದಕ್ಕೆ ಹೆಸರು ಹುಡುಕುವಷ್ಟು ಪುರಸೊತ್ತು ಅವಳಿಗಿರಲಿಲ್ಲ. ಆ ಕಡೆಯಿಂದ ಹೊಲಿಗೆಯವಳು ಕೂಗುತ್ತಿದ್ದಳು. “ಅಕ್ಕಾ, ಇಲ್ಲಿ ಬನ್ನಿ! ಗೊತ್ತಾಯ್ತು, ಗೊತ್ತಾಯ್ತು!”

ಎಂಟು ಚೀಲಕ್ಕೆ ಪಾತಿ ತುಂಬಿತ್ತು. ಎರಡು ಕಟ್ಟಿದಂತೆಯೇ ಉಳಿದಿದ್ದವು. ಹೊಲಿಗೆಯವಳು ಮಂಡಿಯೂರಿ ಕಲ್ಲಿನೊಳಗೆ ಕೈ ತೂರಿಸಿದ್ದಳು. ಹೊರಗೆ ತೆಗೆದಾಗ ಬೆರಳೆಲ್ಲ ಕೆಸರು, ಕೆಸರಿನಲ್ಲಿ ಹುದುಗಿದ ಕಲ್ಲು.

“ಮಣ್ಣು ನುಂಗಿದೆ ಅಕ್ಕಾ. ಇದು ಹೊಸ ಮಣ್ಣು. ಪೇಪರ್ ಮೇಲೆ ಓಡಾಡಿದ್ದಕ್ಕೆ ನಂಗೆ ಗೊತ್ತೇ ಆಗ್ಲಿಲ್ಲ. ನೀವು ಬರಿಗಾಲಲ್ಲಿ ನಡೆದಿದ್ರಲ್ಲ ಅವತ್ತು, ನಿಮಗೆ ಗೊತ್ತಾಗಿರ್ಬೇಕಲ್ವಾ?”

ಅವಳ ದನಿಯಲ್ಲಿ ದೂರಿರಲಿಲ್ಲ. ಕೊಳದ ನೀರು ಎಷ್ಟು ಆಳ ಎಂದು ಕೇಳುವ ಹಾಗೆ ಕೇಳಿದ್ದಳು. ಇಲ್ಲಮ್ಮ, ನನಗೂ ಗೊತ್ತಾಗಲಿಲ್ಲ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅಂದಾಜಕ್ಕನ ಜಾತಕವೇ ಬೇರೆ. ಕೆಟ್ಟವಳು ಅನ್ನಿಸಿಕೊಳ್ಳಲು ಅವಳು ತಯಾರು, ಗೊತ್ತಿಲ್ಲದವಳು ಅನ್ನಿಸಿಕೊಳ್ಳಲು ತಯಾರಿರಲಿಲ್ಲ. ಈಗಷ್ಟೇ ಕೇಳಿದ್ದೆಲ್ಲ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದರೂ.

“ಗೊತ್ತಾಗಿತ್ತು” ಅಂದಳು.

“ಮತ್ತೆ ಹೇಳ್ಲೇ ಇಲ್ಲ?”

“ಇಲ್ಲ.”

“ಯಾಕಕ್ಕಾ?”

“ಯಾಕೆ ಅಂದ್ರೆ? ಹೊಟ್ಟೆಕಿಚ್ಚು.”

ಹಮಾಲಿಯೊಬ್ಬ ಸಲಿಕೆ ಕೆಳಗಿಟ್ಟ. ನಕ್ಷೆಯವರು ತಟ್ಟನೆ ಬೇರೆ ಕಡೆ ನೋಡಿದರು. ಹೊಲಿಗೆಯವಳ ಮುಖದಲ್ಲಿ ಬಣ್ಣ ಬಂತು, ಹೋಯಿತು. ಮೂರು ದಿನದಿಂದ ಅಂದಾಜಕ್ಕ ನೋಡಲು ಹಂಬಲಿಸಿದ್ದ ಮುಖ ಅದು, ಈಗ ನೋಡಲಾಗಲಿಲ್ಲ. ಹೊಲಿಗೆಯವಳು ಕೆಸರುಗೈಯನ್ನು ಹುಲ್ಲಿಗೆ ಒರೆಸಿದಳು, 'ಆಯ್ತು' ಎಂಬಂತೆ ತಲೆಯಾಡಿಸಿದಳು, ಚಿಕ್ಕ ಪುಸ್ತಕ ತೆರೆದು ಪೆನ್ನು ಹಿಡಿದಳು. ಅವಳಿಗೂ ಹಟ ಬಂದಿತ್ತು.

“ಸರಿ. ಹೊಸ ಮಣ್ಣಿಗೆ ಎಷ್ಟು ಚೀಲ ಜಾಸ್ತಿ ಹೇಳ್ಬೇಕು? ನೀವಾಗಿದ್ರೆ ಎಷ್ಟು ಹೇಳ್ತಿದ್ರಿ? ಅದನ್ನಾದ್ರೂ ಹೇಳಿ.”

ಎಂಟು ಖಾಲಿ ಚೀಲ ಅವರಿಬ್ಬರ ಕಾಲ ಬಳಿಯಲ್ಲೇ ಬಿದ್ದಿದ್ದವು. ಎಣಿಸಲು ಬರುವ ಯಾರಾದರೂ ಎಂಟು ಅಂದುಬಿಡಬಹುದಿತ್ತು. ಅಂದರೆ ಸಾಕು, ಇವಳೊಬ್ಬಳಾದರೂ ನಂಬಿಕೊಂಡೇ ಇರುತ್ತಾಳೆ. ಸಿಟ್ಟು ಮಾಡಿಕೊಂಡಾದರೂ, ಮಾತು ಬಿಟ್ಟಾದರೂ, ನಂಬುತ್ತಾಳೆ. ಗಂಡ ಲಾರಿಯ ಮೇಲೆ ನಿಂತು, ಆಗಲೇ ಮಡಿಚಿದ್ದ ಟಾರ್ಪಾಲನ್ನು ಮತ್ತೆ ಮಡಿಚುತ್ತಿದ್ದ. ಅಂದಾಜಕ್ಕ ಪಾತಿಯನ್ನು ನೋಡಿದಳು, ಎಡಗಣ್ಣು ಕಿರಿದಾಗಲಿಲ್ಲ, ತುಟಿಯೂ ಅಲ್ಲಾಡಲಿಲ್ಲ.

“ನಾನಾಗಿದ್ರೆ ನಾಲ್ಕು ಅಂತಿದ್ದೆ” ಅಂದಳು. “ಉಳಿದ ನಾಲ್ಕು ಇವರು ಹಾಕ್ತಿದ್ರು. ಹತ್ತೊಂಬತ್ತು ವರ್ಷದಿಂದ ಇವರೇ ಹಾಕ್ತಿರೋದು.”

ಹೊಲಿಗೆಯವಳು ಲಾರಿಯ ಕಡೆ ನೋಡಿದಳು, ಅಕ್ಕನ ಕಡೆ ನೋಡಿದಳು. ಏನೂ ಬರೆಯದೆ ಪೆನ್ನಿನ ಕ್ಯಾಪು ಹಾಕಿದಳು.